ಓಲೆಕ್ಸನಿಗೆ ಉಣ್ಣು ಅನ್ನುವವರು ಯಾರು?

ಹೂಂಗುಟ್ಟುವವರಿದ್ದರೆ ಹೇಳುತ್ತೇನೆ, ಇಲ್ಲದಿದ್ದರೂ ಹೇಳುತ್ತೇನೆ. ಹೊಟ್ಟೆಯಲ್ಲಿಟ್ಟುಕೊಂಡರೆ ಅರಗುವ ಕತೆಯಲ್ಲ ಇದು.

ಬಡಗಲ ತುದಿಯಲ್ಲಿ, ಚಳಿಗಾಲ ಬಂದರೆ ಸಮುದ್ರವೇ ಹೆಪ್ಪುಗಟ್ಟುವ ಕಡೆ, ವೋಟ್ ಅಂತ ಒಂದು ಜನ. ಹಿಡಿಯಷ್ಟು ಜನ. ಅವರಿಗೊಂದು ಸ್ವಂತ ಮಾತು. ಆ ಜನರ ಒಂದು ಮೀನುಗಾರರ ಹಳ್ಳಿಯಲ್ಲಿ ಓದೋತ್ಯ ಅಂತ ಒಬ್ಬ ಮುದುಕಿ. ಅವಳಿಗೊಬ್ಬನೇ ಮಗ, ಓಲೆಕ್ಸ. ನಲವತ್ತು ದಾಟಿದ ಆಳು, ಎತ್ತಿನಂಥ ಮೈಕಟ್ಟು, ಬುದ್ಧಿಯೊಂದು ಬಿಟ್ಟು ಮಿಕ್ಕಿದ್ದೆಲ್ಲ ದೇವರು ಕೈತುಂಬ ಕೊಟ್ಟಿದ್ದ. ಹೆಸರು ನಿಮ್ಮ ಬಾಯಿಗೆ ಬರದಿದ್ದರೆ ಪೆದ್ದ ಅನ್ನಿ, ಅವನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅವರ ಮಾತು ನನಗೆ ಬಾರದು. ಬಲ್ಲವರನ್ನು ಹುಡುಕಿ ಕಲಿಯೋಣವೆಂದರೆ ಬೆರಳು ಮಡಿಸುವಷ್ಟು ಜನವೂ ಉಳಿದಿಲ್ಲ. ಅದಕ್ಕೇ ಅವರನ್ನೂ ಕನ್ನಡದಲ್ಲೇ ಆಡಿಸುತ್ತೇನೆ, ಸಹಿಸಿಕೊಳ್ಳಿ.

ಈ ಓಲೆಕ್ಸ ಹೇಳಿದ್ದು ಮಾಡುತ್ತಿದ್ದ. ಹೇಳಿದಷ್ಟೇ ಮಾಡುತ್ತಿದ್ದ. ಹೇಳದೆ ಏನೂ ಮಾಡುತ್ತಿರಲಿಲ್ಲ. ಏಳು ಅಂದರೆ ಏಳುತ್ತಿದ್ದ. ಉಣ್ಣು ಅಂದರೆ ಉಣ್ಣುತ್ತಿದ್ದ. ಅನ್ನದಿದ್ದರೆ ಬಟ್ಟಲ ಮುಂದೆ ಕೂತು ಬಟ್ಟಲು ನೋಡುತ್ತಿದ್ದ. ಸಾಕು ಅಂದರೆ ಕೈ ತೊಳೆಯುತ್ತಿದ್ದ. ಅನ್ನದಿದ್ದರೆ ಗಡಿಗೆಯ ತಳ ಕೆರೆಯುತ್ತಿದ್ದ. ಒಂದು ಸಲ ಓದೋತ್ಯ ಪೇಟೆಗೆ ಹೋದವಳು ಮಂಜಿನ ಗಾಳಿಗೆ ಸಿಕ್ಕಿ ಮೂರು ದಿನ ಅಲ್ಲೇ ಉಳಿದಳು. ಬಂದು ನೋಡಿದರೆ ಗಂಜಿಯ ಮೇಲೆ ಬೂಷ್ಟು, ಅದರ ಮುಂದೆ ಮಗ, ಕಣ್ಣು ಗುಳಿ ಬಿದ್ದಿದೆ.

“ಅಯ್ಯೋ ನನ್ನಪ್ಪಾ! ಯಾಕೋ ಉಣ್ಲಿಲ್ಲ?”

“ನೀನು ಹೇಳ್ಲಿಲ್ವಲ್ಲ ಅವ್ವಾ.”

ಅವತ್ತಿನಿಂದ ಮುದುಕಿಗೆ ಒಂದೇ ಚಿಂತೆ. ನಾನು ಸತ್ತರೆ ಇವನಿಗೆ ಉಣ್ಣು ಅನ್ನುವವರು ಯಾರು?

ಊರಲ್ಲಿ ಬೇರೆ ಜನ ಇರಲಿಲ್ಲವೇ ಅಂತ ಕೇಳುತ್ತೀರಿ. ಇದ್ದರು. ಎಲ್ಲರೂ ದೊಡ್ಡ ದೇಶದ ದೊಡ್ಡ ಮಾತು ಆಡುವವರು. ಓಲೆಕ್ಸನಿಗೆ ಆ ಮಾತಿನ ಒಂದಕ್ಷರ ತಿಳಿಯದು. ಅದಕ್ಕೂ ಕಾರಣ ಆ ತಾಯಿಯೇ, ಪಾಪ. ಅವನಿಗೆ ಏಳು ವರ್ಷವಾದಾಗ ಶಾಲೆಗೆ ಕಳಿಸಿದಳು. ಶಾಲೆಯಲ್ಲಿ ಮನೆಮಾತು ಬಾಯಿ ತಪ್ಪಿ ಬಂದರೂ ಮೇಷ್ಟ್ರು ಮೊಣಕಾಲ ಮೇಲೆ ನಿಲ್ಲಿಸುತ್ತಿದ್ದರು. ಮಗ ಪೆಟ್ಟು ತಿಂದಾನೆಂದು ಹೆದರಿ, ಬಾಗಿಲಲ್ಲಿ ಟೋಪಿ ಸರಿಮಾಡುತ್ತ ಹೇಳಿದಳು, “ಶಾಲೇಲಿ ಬಾಯಿ ಬಿಡಬೇಡ ಕಣೋ.” ಅವನು ಬಿಡಲಿಲ್ಲ. ಹೆಸರು ಕೇಳಿದರೂ ಬಿಡಲಿಲ್ಲ, ಮಗ್ಗಿ ಕೇಳಿದರೂ ಬಿಡಲಿಲ್ಲ, ಮಧ್ಯಾಹ್ನ ರೊಟ್ಟಿ ತಿನ್ನಲೂ ಬಿಡಲಿಲ್ಲ. ಎಂಟನೇ ದಿನ ಮೂಗ ಅಂತ ಮನೆಗೆ ಅಟ್ಟಿದರು. ಆಮೇಲೆ ಯುದ್ಧ ಬಂತು, ಊರಿಗೆ ಊರನ್ನೇ ಹಡಗು ಹತ್ತಿಸಿ ಕಡಲಾಚೆ ಅಟ್ಟಿದರು. ಯುದ್ಧ ಮುಗಿದು ತಿರುಗಿ ಬಂದರೆ ಇವರ ಮನೆಗಳಲ್ಲಿ ಯಾರ್ಯಾರೋ ಒಲೆ ಹಚ್ಚಿದ್ದರು. ಅಷ್ಟು ದೊಡ್ಡ ದೇಶದಲ್ಲಿ ಹಿಡಿಯಷ್ಟು ಜನಕ್ಕೆ ಜಾಗ ಸಾಲಲಿಲ್ಲವಂತೆ! ಕೆಲವರು ಸತ್ತರು, ಕೆಲವರು ಚದುರಿದರು, ಮಿಕ್ಕವರು ನಾಚಿಕೊಂಡು ಮಾತು ಮರೆತರು. ಕೊನೆಗೆ ಆ ಊರಲ್ಲಿ ಆ ಮಾತಿಗೆ ಉಳಿದದ್ದು ತಾಯಿಯ ಬಾಯಿ, ಮಗನ ಕಿವಿ.

ಸರಿ. ಒಂದು ದಿನ ತಾಯಿ ಮಗ ಬಲೆ ಎಳೆದು ದಡಕ್ಕೆ ಬಂದರು. ತಾಯಿಗೆ ಸೊಂಟನೋವು. ಅವಳು ಮುಂದೆ ಹೊರಟು, “ದೋಣಿ ಕಟ್ಟಿ ಬಾ ಮಗಾ,” ಅಂದಳು. ಓಲೆಕ್ಸ ಕಟ್ಟಿದ. ಏಳು ಗಂಟು ಹಾಕಿ ಕಟ್ಟಿದ. ಬಂದು ಒಲೆಯ ಪಕ್ಕ ಕೂತ.

“ಮೀನೆಲ್ಲೋ?”

“ದೋಣೀಲಿ.”

“ಯಾಕೋ ತರ್ಲಿಲ್ಲ?”

“ಕಟ್ಟು ಅಂದೆ. ಕಟ್ದೆ.”

ಓಡಿಹೋಗಿ ನೋಡಿದರೆ ಕಡಲಹಕ್ಕಿಗಳು ಮದುವೆ ಊಟ ಮುಗಿಸಿ ಎದ್ದಿದ್ದವು. ಒಂದು ಬಾಲವೂ ಉಳಿದಿರಲಿಲ್ಲ. ತಾಯಿ ತಲೆ ತಲೆ ಚಚ್ಚಿಕೊಂಡಳು. “ಪೆದ್ದಮುಂಡೇದೇ! ಕಟ್ಟೋ ಮೊದ್ಲು ಒಳಗಿರೋದನ್ನೆಲ್ಲ ಹೊರಗೆ ಹಾಕ್ಬೇಕು ಕಣೋ!”

“ಆಗ್ಲಿ ಅವ್ವಾ. ಇನ್ಮೇಲೆ ಹಾಗೇ ಮಾಡ್ತೀನಿ.”

ಮಾಡಿದ. ಮುಂದಿನ ವಾರ ಗಿರಣಿಯಿಂದ ಹಿಟ್ಟು ಬಂತು, ಚಳಿಗಾಲಕ್ಕೆಲ್ಲ ಆಗುವಷ್ಟು ಒಂದು ಮೂಟೆ. “ಇಲಿ ಬಂದಾವು, ಮೂಟೆ ಬಾಯಿ ಕಟ್ಟು ಮಗಾ,” ಅಂದಳು. ಓಲೆಕ್ಸ ಮೂಟೆಯನ್ನು ಅಂಗಳಕ್ಕೆ ಎಳೆದ. ಒಳಗಿದ್ದದ್ದನ್ನೆಲ್ಲ ಹೊರಗೆ ಹಾಕಿದ. ಚೆನ್ನಾಗಿ ಕೊಡವಿದ. ಬರಿಯ ಚೀಲಕ್ಕೆ ಏಳು ಗಂಟು ಹಾಕಿದ. ಸಮುದ್ರದ ಗಾಳಿಗೆ ಹಿಟ್ಟೆಲ್ಲ ಎದ್ದು ಪಕ್ಕದ ಮನೆಯ ಪೆಲಾಗಿಯಳ ಆಡುಗಳ ಮೈಮೇಲೆ ಕೂತಿತು. ಪೆಲಾಗಿಯ ಹೊರಗಿಂದ ಬಂದು ನೆಲೆಸಿದವಳು, ದೊಡ್ಡ ಮಾತಿನವಳು, ಮನಸ್ಸು ಮಾತ್ರ ಒಳ್ಳೆಯದು. ಕಪ್ಪು ಆಡುಗಳೆಲ್ಲ ಬೆಳ್ಳಗಾದದ್ದು ನೋಡಿ ಶಿಲುಬೆಯ ಗುರುತು ಹಾಕಿಕೊಂಡಳು.

“ಅಯ್ಯೋ ಕತ್ತೆ! ಅಯ್ಯೋ ಮರದ ಕೊರಡೇ!” ಅಂತ ತಾಯಿ ಕೂಗಿದಳು. “ಮಾಡೋ ಮೊದ್ಲು ಒಂದ್ಸಲ ಕೂಗಿ ಕೇಳ್ಬಾರ್ದೇನೋ? ಮಾಡ್ಲಾ ಅಂತ ಕೇಳು! ಮಾಡು ಅಂದ್ಮೇಲೆ ಮಾಡು!”

“ಆಗ್ಲಿ ಅವ್ವಾ. ಇನ್ಮೇಲೆ ಕೇಳ್ತೀನಿ.”

ಕೇಳಿದ. ಮಾರನೆ ಬೆಳಿಗ್ಗೆ ನೀರು ತರಲು ಹೋದ. ಬಾವಿಕಟ್ಟೆಯ ಮೇಲೆ ಬಗ್ಗಿ ಕೂಗಿದ, “ಸೇದ್ಲಾ?”

ಬಾವಿ ಅಂತು, “ಸೇದ್ಲಾ?”

ಓಲೆಕ್ಸ ಮರ್ಯಾದಸ್ತ. ಒಳಗಿರುವವರೂ ನೀರು ಸೇದಬೇಕೆಂದು ಅಪ್ಪಣೆ ಕೇಳುತ್ತಿದ್ದಾರೆ, ಮೊದಲು ಅವರ ಕೆಲಸ ಆಗಲಿ ಅಂತ ಕೊಡ ಕೆಳಗಿಟ್ಟು ನಿಂತ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದ. ಅದೂ ಮತ್ತೆ ಕೇಳಿತು. ಬಿಸಿಲು ಬಂತು, ಬಿಸಿಲು ಹೋಯಿತು. ಹಿಂದೆ ನಿಂತಿದ್ದ ಹೆಂಗಸರು ಬೈದು ಅವನನ್ನು ಪಕ್ಕಕ್ಕೆ ತಳ್ಳಿ ನೀರು ಸೇದಿಕೊಂಡು ಹೋದರು. ಬೇಸತ್ತು ತಾಯಿಯೇ ಹುಡುಕಿಕೊಂಡು ಬಂದಳು.

“ನೀರೆಲ್ಲೋ?”

“ತಡಿ ಅವ್ವಾ. ಒಳಗೆ ಯಾರೋ ಇದಾರೆ.” ಅವನ ಮುಖ ಅರಳಿತ್ತು. “ನಮ್ಮೋರೇ ಕಣವ್ವಾ! ನಮ್ಮ ಮಾತೇ ಆಡ್ತಾರೆ!”

ಓದೋತ್ಯಳಿಗೆ ನಗು ಬಂತು. ಬಾವಿಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಅಳು ಬಂತು. ಹೌದಲ್ಲ, ಇಪ್ಪತ್ತು ವರ್ಷದಿಂದ ಈ ಊರಲ್ಲಿ ತನ್ನ ಮಾತಿಗೆ ತನ್ನ ಮಾತಿನಲ್ಲೇ ಉತ್ತರ ಕೊಟ್ಟವರು ಈ ಪೆದ್ದ ಬಿಟ್ಟರೆ ಬಾವಿಯೊಂದೇ. ಆ ಸಂಕಟವನ್ನೂ ಅವಳು ಮಗನ ಮೇಲೇ ತೀರಿಸಿಕೊಂಡಳು. “ಮೂರ್ಖ! ಶುದ್ಧ ಮೂರ್ಖ! ಬಾವಿ ಗೀವಿ, ಕಂಡೋರು ಗಿಂಡೋರು ಯಾರ ಮಾತೂ ಕೇಳ್ಬೇಡ! ನನ್ನ ಬಾಯಿಂದ ಬಂದ್ರೆ ಮಾತ್ರ ಮಾಡು!”

“ಆಗ್ಲಿ ಅವ್ವಾ. ನಿನ್ನ ಬಾಯಿಂದ ಬಂದ್ರೆ ಮಾತ್ರ.”

ಆ ಬೇಸಗೆಯಲ್ಲೇ ಪಟ್ಟಣದಿಂದ ಒಬ್ಬಳು ಬಂದಳು. ಕ್ಸೇನಿಯಾ ಅಂತ ಹೆಸರು. ಭಾಷೆಗಳ ವಿಷಯದಲ್ಲಿ ದೊಡ್ಡ ಓದು ಓದಿದವಳು, ನಾವು ಪಂಡಿತಮ್ಮ ಅನ್ನೋಣ. ಕಂಕುಳಲ್ಲಿ ಎರಡು ಚಕ್ರ ಸುತ್ತುವ ಒಂದು ಪೆಟ್ಟಿಗೆ, ಆಡಿದ ಮಾತನ್ನು ಹಿಡಿದಿಟ್ಟುಕೊಳ್ಳುವ ಪೆಟ್ಟಿಗೆ. ಸಾಯುತ್ತಿರುವ ಮಾತು ಅಂತ ಕೇಳಿ ಓಡೋಡಿ ಬಂದಿದ್ದಳು. ಬದುಕಿದ್ದಾಗ ಯಾರೂ ಬಂದಿರಲಿಲ್ಲ, ಅದು ಬೇರೆ ವಿಷಯ.

ಪಂಡಿತಮ್ಮನಿಗೆ ಬೇಕಾದದ್ದು ಆಜ್ಞೆಗಳು. ಒಬ್ಬನಿಗೆ ಹೇಳುವುದು ಹೇಗೆ, ಹತ್ತು ಜನಕ್ಕೆ ಹೇಗೆ, ಎದುರಿಗಿಲ್ಲದವನಿಗೆ ಹೇಗೆ, ಬೇಡ ಅನ್ನುವುದು ಹೇಗೆ. ಅವರಲ್ಲಿ ಬೇಡ ಅನ್ನುವ ಮಾತು ಮೊದಲೇ ಬರುತ್ತದಂತೆ, ಮಾಡಬಾರದ ಕೆಲಸ ಅದರ ಹಿಂದೆ. ನಮ್ಮಲ್ಲಿ ಬೇಡ ಬರುವುದು ಕೊನೆಗೆ. ಓಲೆಕ್ಸ ನಮ್ಮಲ್ಲಿ ಹುಟ್ಟಿದ್ದರೆ ಬೇಡ ಕಿವಿಗೆ ಬೀಳುವಷ್ಟರಲ್ಲಿ ಕೆಲಸ ಮುಗಿಸಿಯೇ ಬಿಡುತ್ತಿದ್ದ.

ಪಂಡಿತಮ್ಮ ಪೆಟ್ಟಿಗೆಯ ಗುಂಡಿ ಒತ್ತಿ ದೊಡ್ಡ ಮಾತಿನಲ್ಲಿ ಕೇಳಿದಳು. “ಅಜ್ಜಿ, ಒಬ್ಬನನ್ನ ಕರೆಯೋದಾದ್ರೆ ನಿಮ್ಮಲ್ಲಿ ಏನಂತೀರಿ?”

“ಬಾ.”

ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದ ಓಲೆಕ್ಸ ಬಂದು ನಿಂತ.

“ಬಹಳ ಜನಾನ ಕರೆಯೋದಾದ್ರೆ?”

“ಬನ್ನಿ.”

ಓಲೆಕ್ಸ ಹೊರಗೆ ಓಡಿದ. ಬನ್ನಿ ಅಂದಮೇಲೆ ಜನ ಬೇಡವೇ? ಪೆಲಾಗಿಯಳನ್ನು ರಟ್ಟೆ ಹಿಡಿದು ಎಳೆದುಕೊಂಡು ಬಂದ. ಅವಳ ಹಿಂದೆ ನಾಲ್ಕು ಆಡು, ಆಡಿನ ಹಿಂದೆ ನಾಯಿ.

“ಇಲ್ಲಿ ಇಲ್ಲದೋನು ಬರ್ಬೇಕು ಅನ್ನೋದಾದ್ರೆ?”

“ಬರಲಿ.”

ಓಲೆಕ್ಸ ಬಾಗಿಲಲ್ಲಿ ನಿಂತು ದಾರಿ ನೋಡಿದ. ಯಾರೂ ಬರಲಿಲ್ಲ. ಪಂಡಿತಮ್ಮನಿಗೆ ಖುಷಿಯೋ ಖುಷಿ. “ಆಹಾ! ಎಂಥ ಚೆಂದದ ರೂಪ! ಮುಂದೆ, ಅಜ್ಜಿ, ಮುಂದೆ!” ಕೂರು ಅಂದಳು, ಓಲೆಕ್ಸ ಕೂತ. ಏಳು ಅಂದಳು, ಎದ್ದ. ತಿನ್ನು ಅಂದಳು, ರೊಟ್ಟಿ ಬಾಯಿಗಿಟ್ಟ. ತಿನ್ನಬೇಡ ಅಂದಳು, ಉಗುಳಿದ. ಮಧ್ಯಾಹ್ನದ ಹೊತ್ತಿಗೆ ಅವನು ಎಂಟು ಸಲ ಬೂಟು ಹಾಕಿ ಎಂಟು ಸಲ ಬಿಚ್ಚಿದ್ದ, ಮೈಯೆಲ್ಲ ಬೆವರು.

“ಸಾಕಮ್ಮಾ, ಮಗ ಸತ್ತೋದಾನು,” ಅಂದಳು ಓದೋತ್ಯ.

“ಇನ್ನೊಂದೇ ಅಜ್ಜಿ! ತೆರೆಯೋದು, ಮುಚ್ಚೋದು. ಅದೊಂದು ಆಗ್ಲಿ.”

“ತೆರೆ,” ಅಂದಳು ಮುದುಕಿ, ಸೋತು.

ಓಲೆಕ್ಸ ಮನೆಯ ಬಾಗಿಲು ತೆರೆದ. ಪೆಟಾರಿ ತೆರೆದ. ಉಪ್ಪುಮೀನಿನ ಪೀಪಾಯಿ ತೆರೆದ. ಕೋಳಿಗೂಡು ತೆರೆದ. ಪೆಲಾಗಿಯಳ ಹೆಬ್ಬಾತುಗಳ ದೊಡ್ಡಿ ತೆರೆದ. ಮುಚ್ಚು ಅನ್ನುವುದನ್ನು ಪಂಡಿತಮ್ಮ ಕೇಳಿ ಬರೆದುಕೊಳ್ಳುವಷ್ಟರಲ್ಲಿ ಹನ್ನೊಂದು ಹೆಬ್ಬಾತು ಕೊಲ್ಲಿಯ ನೀರಿಗಿಳಿದು ಕಣ್ಮರೆಯಾಗಿದ್ದವು. ಓಲೆಕ್ಸ ಬರಿಯ ದೊಡ್ಡಿಯ ಬಾಗಿಲು ಹುಷಾರಾಗಿ ಮುಚ್ಚಿದ.

ಪೆಲಾಗಿಯ ಬೊಬ್ಬೆ ಹಾಕಿದಳು. ಓದೋತ್ಯ ಕಟ್ಟಿಗೆ ಎತ್ತಿಕೊಂಡಳು. “ದರಿದ್ರದೋನೇ! ಒಳಗಿರೋದನ್ನ ಹೊರಗೆ ಬಿಡ್ತಾರೇನೋ? ಬಿಗಿಯಾಗಿ ಮುಚ್ಬೇಕು! ಸಂದೀ ಗಿಂದೀ ಇದ್ರೆ ಪಾಚಿ ತುರುಕಿ ಮುಚ್ಬೇಕು!”

“ಆಗ್ಲಿ ಅವ್ವಾ. ಇನ್ಮೇಲೆ ಪಾಚಿ ತುರುಕ್ತೀನಿ.”

ಪಂಡಿತಮ್ಮ ಇದನ್ನೂ ಬರೆದುಕೊಂಡಳು. ಸಿಟ್ಟಿನ ಆಜ್ಞೆಯ ರೂಪ ಸ್ವಲ್ಪ ಬೇರೆ ಇತ್ತಂತೆ. ಸಂಜೆ ಹೊರಡುವಾಗ ಮುದುಕಿ ಕೇಳಿದಳು, “ಈ ಮಾತೆಲ್ಲ ತಗೊಂಡು ಏನು ಮಾಡ್ತೀಯ ತಾಯಿ?”

“ಉಳಿಸ್ತೀವಿ ಅಜ್ಜಿ. ಪುಸ್ತಕದಲ್ಲಿ.”

“ಪುಸ್ತಕ ನನ್ನ ಮಗನಿಗೆ ಉಣ್ಣು ಅನ್ನುತ್ತಾ?”

ಪಂಡಿತಮ್ಮ ಪೆಟ್ಟಿಗೆಯ ಮುಚ್ಚಳ ಹಾಕಿದಳು. ನಾಳೆ ಬರುತ್ತೇನೆ ಅಂತ ಹೇಳಿ ಹೋದಳು. ಆ ಬೇಸಗೆಯೆಲ್ಲ ದಿನಾ ಬಂದಳು.

ಬೇಸಗೆ ಮುಗಿಯುತ್ತ ಬಂತು. ಆ ಸೀಮೆಯವರು ಶನಿವಾರಕ್ಕೊಮ್ಮೆ ಬಿಸಿಮನೆಯಲ್ಲಿ ಸ್ನಾನ ಮಾಡುತ್ತಾರೆ. ದಿಮ್ಮಿ ಜೋಡಿಸಿದ ಸಣ್ಣ ಕೋಣೆ, ಒಳಗೆ ಕಲ್ಲೊಲೆ, ಹೊಗೆ ಹೋಗಲು ಗೋಡೆಯಲ್ಲೊಂದು ಕಿಂಡಿ. ಬೆಂಕಿ ಪೂರ್ತಿ ಆರಿ, ಹೊಗೆಯೆಲ್ಲ ಹೊರಗೆ ಹೋದಮೇಲೆ ಕಿಂಡಿ ಮುಚ್ಚಿ ಒಳಗೆ ಕೂರಬೇಕು. ಓದೋತ್ಯಳಿಗೆ ಅವತ್ತು ಮೈಕೈ ನೋವು, ಆತುರ. ಒಲೆಯಲ್ಲಿ ಕೆಂಡ ಇರುವಾಗಲೇ ಒಳಗೆ ಹೋದಳು, “ಮುಚ್ಚು ಮಗಾ,” ಅಂದಳು.

ಬಾಗಿಲು ಅನ್ನಲಿಲ್ಲ. ಓಲೆಕ್ಸ ಎಲ್ಲವನ್ನೂ ಮುಚ್ಚಿದ. ಬಾಗಿಲು ಮುಚ್ಚಿದ, ಕಿಂಡಿ ಮುಚ್ಚಿದ, ಸಂದುಸಂದಿಗೂ ಪಾಚಿ ತುರುಕಿದ. ಬಾಗಿಲಿಗೆ ಬೆನ್ನು ಕೊಟ್ಟು ಕೂತ. ಒಳಗೆ ತಾಯಿ ಕೆಮ್ಮಿದಳು. ಮತ್ತೆ ಕೆಮ್ಮಿದಳು. ಉಸಿರು ಕಟ್ಟಿ ಕೆಮ್ಮಿದಳು, ಆಮೇಲೆ ಕೆಮ್ಮೂ ನಿಂತಿತು. ಅವಳ ಸರದಿ ಮುಗಿಯಿತೇನೋ ಅಂತ ಪೆಲಾಗಿಯ ಬಂದು ಇವನನ್ನು ದಬ್ಬಿ ಬಾಗಿಲು ತೆಗೆಯದಿದ್ದರೆ ಅವತ್ತೇ ಕತೆ ಮುಗಿಯುತ್ತಿತ್ತು.

ಮೂರು ದಿನದ ಮೇಲೆ ಓದೋತ್ಯಳಿಗೆ ಮಾತು ಬಂತು. ಎದೆಯಲ್ಲಿ ಗೊರಗೊರ. ಇನ್ನು ಹೆಚ್ಚು ದಿನವಿಲ್ಲವೆಂದು ಅವಳಿಗೇ ಗೊತ್ತಾಗಿತ್ತು. ಮಗ ಹಾಸಿಗೆಯ ಪಕ್ಕ ನಿಂತಿದ್ದ.

“ನಾನು ಕೆಮ್ಮಿದ್ದು ಕೇಳಿಸ್ಲಿಲ್ವೇನೋ?”

“ಕೇಳಿಸ್ತು ಅವ್ವಾ.”

“ಮತ್ತೆ?”

“ಬರೀ ಕೆಮ್ಮಿದೆ. ಏನೂ ಹೇಳ್ಲಿಲ್ಲ.”

ಏನಂತ ಬೈಯುವುದು ಹೇಳಿ! ನಲವತ್ತು ವರ್ಷದಿಂದ ಬೈದೂ ಬೈದೂ ಅವಳ ಹತ್ತಿರ ಬೈಗುಳವೂ ತೀರಿತ್ತು. ಆದರೂ ಬೈದಳು, ಅಭ್ಯಾಸ ಬಿಡುವುದಿಲ್ಲ. “ಹುಚ್ಚಪ್ಪಾ, ನನ್ನ ಹುಚ್ಚಪ್ಪಾ! ಒಳಗೆ ನಾನು ಕೆಮ್ಮಿದ್ದು ಕೇಳಿದ್ರೆ ಕಾಯ್ಬೇಡ ಕಣೋ. ಕೊಡ್ಲಿ ತಗೊಂಡು ಒಡಿ. ಒಡೆದು ನನ್ನ ಹೊರಗೆ ತೆಗಿ.”

“ಆಗ್ಲಿ ಅವ್ವಾ. ಇನ್ಮೇಲೆ ಒಡೀತೀನಿ.”

ಆಮೇಲೆ ಪೆಲಾಗಿಯಳನ್ನು ಕರೆಸಿ, ಮಗನಿಗೆ ಅವಳನ್ನು ತೋರಿಸಿ ಅಂದಳು, “ನೋಡು ಮಗಾ, ಇನ್ಮೇಲೆ ಇವಳು ಹೇಳಿದ ಹಾಗೂ ಮಾಡು.”

ಓಲೆಕ್ಸ ಪೆಲಾಗಿಯಳ ಮುಖವನ್ನು ಬಹಳ ಹೊತ್ತು ನೋಡಿದ. “ಇವಳು ನಿನ್ನ ಬಾಯಿಂದ ಹೇಳ್ತಾಳಾ ಅವ್ವಾ?”

ಅವನ ತಲೆ ಹಾಗೆ. ಒಂದು ಸಲ ಹೊಕ್ಕ ಮಾತು ಹೊರಗೆ ಬರುತ್ತಿರಲಿಲ್ಲ, ಹೊಸದು ಬಂದರೆ ಹಳೆಯದರ ಮೇಲೆ ಕೂರುತ್ತಿತ್ತು ಅಷ್ಟೆ. ಓದೋತ್ಯ ಗೋಡೆ ಕಡೆ ತಿರುಗಿ ಮಲಗಿದಳು. ಬೆಳಿಗ್ಗೆ ಪಂಡಿತಮ್ಮನನ್ನು ಕರೆಸಿದಳು.

“ಬೇಸಗೆಯೆಲ್ಲ ನೀನು ಕೇಳಿದ್ದು ನಾನು ಕೊಟ್ಟೆ. ಈಗ ನಾನು ಕೇಳಿದ್ದು ನೀನು ಕೊಡು. ಆ ಪೆಟ್ಟಿಗೇಲಿ ನನ್ನ ದನಿ ಇಡು. ಪೆಟ್ಟಿಗೇನ ಇಲ್ಲೇ ಬಿಟ್ಟು ಹೋಗು.”

ಪಂಡಿತಮ್ಮ ಕೆಟ್ಟವಳಲ್ಲ. ಒಪ್ಪಿದಳು. ಮುದುಕಿ ದಿಂಬಿಗೆ ಒರಗಿ ಒಂದು ದಿನದ ಆಜ್ಞೆಗಳನ್ನು ಒಂದೊಂದಾಗಿ ಹೇಳಿದಳು. ಏಳು ಮಗಾ. ಮುಖ ತೊಳಿ. ಉಣ್ಣು. ಸಾಕು. ಸೌದೆ ಒಡಿ. ನೀರು ತಾ. ಉಣ್ಣು. ಸಾಕು. ಮಲಗು. ಅಷ್ಟಾದ ಮೇಲೆ ಆಜ್ಞೆಯೂ ಬೈಗುಳವೂ ಅಲ್ಲದ ಒಂದು ಮಾತು ಹೇಳಬೇಕೆನ್ನಿಸಿತು ಅವಳಿಗೆ. ಹುಟ್ಟಿದಾಗಿನಿಂದ ಅವನಿಗೆ ಅಂಥ ಮಾತು ಒಂದೂ ಆಡಿರಲಿಲ್ಲ. ಬಾಯಿ ತೆರೆದಳು, ಕೆಮ್ಮು ಬಂತು. ಚಕ್ರ ಸುತ್ತುತ್ತಲೇ ಇತ್ತು. ಕೆಮ್ಮು ನಿಲ್ಲುವಷ್ಟರಲ್ಲಿ ಹೇಳಬೇಕೆಂದಿದ್ದ ಮಾತು ಹೇಳಲು ಧೈರ್ಯ ಉಳಿದಿರಲಿಲ್ಲ.

ಹತ್ತನೇ ದಿನ ಓದೋತ್ಯ ಸತ್ತಳು. ಪಂಡಿತಮ್ಮ ಪೆಲಾಗಿಯಳಿಗೆ ಗುಂಡಿ ಒತ್ತುವುದು, ನಿಲ್ಲಿಸುವುದು, ಹಿಂದಕ್ಕೆ ಸುತ್ತುವುದು ಕಲಿಸಿ, ಕಣ್ಣೊರೆಸಿಕೊಂಡು ತನ್ನ ನೋಟುಬುಕ್ಕುಗಳ ಜೊತೆ ಬಸ್ಸು ಹತ್ತಿದಳು. ಹಳ್ಳಿಯವರು ಮುದುಕಿಯನ್ನು ಮಣ್ಣು ಮಾಡಿ ಬಂದರು. ಓಲೆಕ್ಸ ಹೋಗಲಿಲ್ಲ. ಬಾ ಅಂತ ಯಾರೂ ಅವನ ಮಾತಿನಲ್ಲಿ ಕರೆಯಲಿಲ್ಲ.

ಮಾರನೆ ಬೆಳಿಗ್ಗೆ ಪೆಲಾಗಿಯ ಗಂಜಿ ಕಾಯಿಸಿ ತಂದು, ಗುಂಡಿ ಒತ್ತಿದಳು.

“ಏಳು ಮಗಾ.”

ಓಲೆಕ್ಸ ದಡಕ್ಕನೆ ಎದ್ದ. ಸುತ್ತ ನೋಡಿದ. ಪೆಟ್ಟಿಗೆ ನೋಡಿದ. ಅವನ ಮುಖ ಅರಳಿತು. ಅವ್ವ ಈ ಸಣ್ಣ ಮನೆಯೊಳಗೆ ಹೋಗಿದ್ದಾಳೆ, ಅಷ್ಟೇ! ಮುಖ ತೊಳಿ ಅಂದಳು, ತೊಳೆದ. ಉಣ್ಣು ಅಂದಳು, ಪೆಲಾಗಿಯ ಪೆಟ್ಟಿಗೆ ನಿಲ್ಲಿಸಿದಳು, ಅವನು ಉಂಡ. ಬಟ್ಟಲು ಖಾಲಿಯಾದಾಗ ಮತ್ತೆ ಒತ್ತಿದಳು, ಅವ್ವ ಸಾಕು ಅಂದಳು, ಕೈ ತೊಳೆದ. ಪೆಲಾಗಿಯ ಅತ್ತೇಬಿಟ್ಟಳು. ಹೀಗೆ ಮೊದಲ ಮಂಜು ಬೀಳುವ ತನಕ ನಡೆಯಿತು. ಕೊನೆಯ ಮಲಗು ಆದ ಕೂಡಲೇ ಅವಳು ಪೆಟ್ಟಿಗೆ ನಿಲ್ಲಿಸಿ ಹಿಂದಕ್ಕೆ ಸುತ್ತಿಡುತ್ತಿದ್ದಳು. ದಿನಾ ಕೇಳಿ ಕೇಳಿ ಅವಳ ಬಾಯಿಗೂ ಆ ಒಂಬತ್ತು ಮಾತು ಬಂದಿದ್ದವು. ಸತ್ತ ಮುದುಕಿ ನೋಡಿದ್ದರೆ ಹಿಗ್ಗುತ್ತಿದ್ದಳು.

ಒಂದು ಸಂಜೆ ಮಲಗು ಆಯಿತು. ಓಲೆಕ್ಸ ಮಲಗಿದ. ಅಷ್ಟರಲ್ಲಿ ಹೊರಗೆ ಒಂದು ಆಡು ಬೇಲಿಗೆ ಸಿಕ್ಕಿಕೊಂಡು ಕಿರುಚಿತು. ಪೆಲಾಗಿಯ ಹಾಗೇ ಎದ್ದು ಓಡಿದಳು. ಚಕ್ರ ಸುತ್ತುತ್ತಲೇ ಇತ್ತು.

ಪೆಟ್ಟಿಗೆಯೊಳಗೆ ತಾಯಿ ಕೆಮ್ಮಿದಳು.

ಓಲೆಕ್ಸ ಎದ್ದು ಕೂತ. ತಾಯಿ ಮತ್ತೆ ಕೆಮ್ಮಿದಳು. ಉಸಿರು ಕಟ್ಟಿ ಕೆಮ್ಮಿದಳು. ಈ ಸಲ ಏನು ಮಾಡಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಬಂದೆ ಅವ್ವಾ! ತಡಿ, ಬಂದೆ!”

ಒಲೆಯ ಪಕ್ಕದ ಕೊಡಲಿ ಎತ್ತಿದ. ಒಂದು ಏಟು, ಮುಚ್ಚಳ ಹಾರಿತು. ಇನ್ನೊಂದು ಏಟು, ಚಕ್ರ ಉರುಳಿತು. ಕೆಮ್ಮು ನಿಂತಿತು. ಕೊಡಲಿ ಬಿಸಾಡಿ ಎರಡು ಕೈಯಲ್ಲೂ ಒಳಗೆ ತಡಕಿದ. ತಂತಿ ಬಂತು, ತಗಡು ಬಂತು, ಮಾರುಗಟ್ಟಲೆ ಕಂದು ಪಟ್ಟಿ ಬಂತು. ಅವ್ವ ಬರಲಿಲ್ಲ.

ಪೆಲಾಗಿಯ ಓಡಿ ಬಂದಳು. ನೋಡಿದಳು. ಬೆಳಗಾದ ಕೂಡಲೇ ಗಂಜಿ ಬಿಸಿ ಮಾಡಿ, ಬಟ್ಟಲು ಅವನ ಮುಂದಿಟ್ಟು, ಕಲಿತ ಮಾತಿನಲ್ಲಿ, ಅವನದೇ ಮಾತಿನಲ್ಲಿ, ಒಂದಕ್ಷರ ತಪ್ಪದೆ ಹೇಳಿದಳು, “ಉಣ್ಣು.”

ಓಲೆಕ್ಸ ಅವಳನ್ನು ನೋಡಲಿಲ್ಲ. ಅದು ಅವ್ವನ ಬಾಯಲ್ಲ. ಉಣ್ಣು ಅಂತ ಅವಳು ಹತ್ತು ಸಲ ಹೇಳಿದಳು, ಕೈಮುಗಿದು ಹೇಳಿದಳು, ಚಮಚ ತುಟಿಗೆ ಹಿಡಿದು ಹೇಳಿದಳು. ಅವನು ಕಂದು ಪಟ್ಟಿಯನ್ನು ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, ಒಡೆದ ಪೆಟ್ಟಿಗೆಯ ಮುಂದೆ ನಿಂತಿದ್ದ. ತಾನು ಮತ್ತೆ ಏನೋ ತಪ್ಪು ಮಾಡಿದ್ದೇನೆಂದು ಅವನಿಗೆ ತಿಳಿದಿತ್ತು. ತಪ್ಪು ಮಾಡಿದಾಗ ಅವ್ವ ಬೈಯುತ್ತಾಳೆ, ಬೈದಮೇಲೆ ಮುಂದೆ ಹೇಗೆ ಮಾಡಬೇಕೆಂದು ಹೇಳುತ್ತಾಳೆ. ಆ ಬೈಗುಳಕ್ಕೆ ಅವನು ಅವತ್ತು ಕಾದ, ಮಾರನೆ ದಿನ ಕಾದ, ಅದರ ಮಾರನೆ ದಿನವೂ ಕಾದ.